ಅಜ್ಜಿ ಬೈಯದ ಹತ್ತೊಂಬತ್ತು ದಿನ

ಗಾಳಿಕೇರಿ, ಕಪ್ಪತಗುಡ್ಡದ ಪಡುವಣ ಇಳಿಜಾರು
ಇಸವಿ 2189, ಮೂರನೇ ತಿಂಗಳ ಮೂವತ್ತೆಂಟನೇ ದಿನ

ಗಿರಿಜವ್ವನ ಮನೆಯವರಿಗೆ, ಅಂದರೆ ಅವಳ ಗಂಡನಿಗೆ, ಅತ್ತೆ ಮಾವಂದಿರಿಗೆ, ಮೈದುನನಿಗೆ, ಜೊತೆಗೆ ಅವಳ ಕಾರ್ಡು ತುಂಬಿದ ನರ್ಸಮ್ಮನಿಗೂ, ಶರಣು.

ಮೂವತ್ತೆಂಟನೇ ದಿನ ಎಂದಿರುವುದು ಕೈತಪ್ಪಲ್ಲ. ನಮ್ಮ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಕೊನೆಗೆ ಉಳಿಯುವ ಐದಾರು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ರಜೆ ಕೊಟ್ಟುಬಿಡುತ್ತಾರೆ. ಇದನ್ನು ಯಾರು, ಯಾಕೆ ಮಾಡಿದರೋ ನನಗೆ ತಿಳಿಯದು. ಇದರಿಂದಾಗಿ ಬಸುರಿಯರಿಗೆ ಏಳು ತಿಂಗಳಿಗೇ ದಿನ ತುಂಬುತ್ತದೆ ಎಂಬುದಷ್ಟೇ ಗೊತ್ತು. ಗೊಂದಲ ಬೇಡವೆಂದು ಈ ಕಾಗದದಲ್ಲಿ ನಿಮ್ಮ ತಿಂಗಳ ಲೆಕ್ಕವನ್ನೇ ಹಿಡಿಯುತ್ತೇನೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ಹಳೆಯ ಲಗ್ನಪತ್ರಿಕೆ, ಬಸ್ ಟಿಕೀಟು, ಔಷಧಿ ಚೀಟಿಗಳನ್ನು ಓದಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟಿದ್ದರೆ ಮಾತ್ರ ಹಾಗೆ ಮಾಡಬೇಡಿ, ಸಿಟ್ಟನ್ನು ಬೇಕೆಂದೇ ಬರೆದಿದ್ದೇನೆ.

ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಬ್ಬೊಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ, ಉತ್ತರ ಬರುವುದಿಲ್ಲ. ಬಹಳ ಜನ ಇದನ್ನು ದಂಡ ಮಾಡುತ್ತಾರೆ. ನಮ್ಮ ಪಕ್ಕದ ಮನೆಯವರು ತಮ್ಮ ಮುತ್ತಾತನಿಗೆ ಬದುವಿನ ಹುಣಸೆಮರ ಕಡಿಯಬೇಡ ಎಂದು ನಾಲ್ಕು ಪುಟ ಬರೆದರು. ಮರ ಇವತ್ತಿಗೂ ಅಲ್ಲಿಲ್ಲ. ಮುತ್ತಾತ ಓದಲಿಲ್ಲ, ಇಲ್ಲವೇ ಓದಿಯೂ ಕಡಿದ. ಇದನ್ನು ಕಣ್ಣಾರೆ ಕಂಡ ನನಗೆ ದೊಡ್ಡ ಆಸೆಯೇನೂ ಇಲ್ಲ. ಆದರೂ ಬರೆಯುತ್ತಿದ್ದೇನೆ, ಯಾರಿಗಾದರೂ ಹೇಳದೆ ಇರಲು ಆಗುತ್ತಿಲ್ಲ.

ನಾನು ಫಕೀರವ್ವ. ವಯಸ್ಸು ಐವತ್ತಾರು. ಕರೆಂಟು ತೆಗೆಯುವ ಗಾಳಿಗಂಬಗಳ ಬುಡದಲ್ಲಿರುವ ಈ ಊರಿಗೆ ಮೂವತ್ತು ವರ್ಷ ಬಳೆಗಾರ್ತಿಯಾಗಿದ್ದೆ. ಬಳೆಗಾರ್ತಿ ಎಂದರೆ ನಿಮ್ಮ ಕಣ್ಣಿಗೆ ಬುಟ್ಟಿ ಹೊತ್ತು ಓಣಿ ಓಣಿ ಸುತ್ತುವವಳು ಬರಬಹುದು. ನಮ್ಮಲ್ಲಿ ಅದು ಅಧಿಕಾರಿಯ ಹುದ್ದೆ. ಬಸುರಿಗೆ ಸೀಮಂತದ ಕುಬಸ ಮಾಡುವ ದಿನ ಹಸಿರು ಬಳೆಗಳ ನಡುವೆ ಒಂದು ಮನಬಳೆ ತೊಡಿಸುವುದು ನನ್ನ ಕೆಲಸ. ಅವಳ ಮೈಯೊಳಗಿನ ಆತಂಕವನ್ನು ಆ ಬಳೆ ಅಳೆಯುತ್ತದೆ. ಮನಸ್ಸು ತಣ್ಣಗಿದ್ದರೆ ಹಸಿರು, ಕದಡಿದರೆ ಹಳದಿ, ಕುದಿದರೆ ಕೆಂಪು. ಬಳೆ ಕೆಂಪಾದರೆ ಬಾಗಿಲ ಮೇಲಿನ ದೀಪವೂ ಕೆಂಪಾಗುತ್ತದೆ, ಓಣಿಗೆಲ್ಲ ಕಾಣುತ್ತದೆ. ಕೂಡಲೇ ಸಮಾಧಾನದ ತಂಡ ಎಂಬ ಹನ್ನೊಂದು ಮಂದಿ ಚಾಪೆ ಹಿಡಿದುಕೊಂಡು ಬಂದು ಅವಳ ಸುತ್ತ ಕುಳಿತು ಮೆಲ್ಲಗೆ ಹಾಡುತ್ತಾರೆ. ಹೊಟ್ಟೆ ಹೊತ್ತು, ಕಾಲು ಊದಿಕೊಂಡು, ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಿದ್ದೀರಿ ಅಂದುಕೊಳ್ಳಿ. ಕೆಟ್ಟ ಕನಸು ಬಿದ್ದು ಎಚ್ಚರವಾಗುತ್ತದೆ, ಕಣ್ಣು ಬಿಟ್ಟರೆ ಹನ್ನೊಂದು ಜನ ನಗುತ್ತ ಹಾಡುತ್ತಿದ್ದಾರೆ.

ಇದೆಲ್ಲ ನಿಮ್ಮಿಂದಲೇ ಶುರುವಾಯಿತು ಎಂದು ನಾನು ಯಾಕೆ ಹೇಳುತ್ತೇನೆ ಕೇಳಿ. ನನ್ನ ಅವ್ವ ಬಸಲಿಂಗವ್ವನ ಟ್ರಂಕಿನಲ್ಲಿ ಒಂದು ಹಳೆಯ ಬಸುರಿ ತಪಾಸಣೆ ಕಾರ್ಡು ಇತ್ತು. ಅವಳ ಮುತ್ತಜ್ಜಿಯ ಅಜ್ಜಿ ಗಿರಿಜವ್ವನದು, ನಿಮ್ಮ ಮನೆಯ ಆ ಗಿರಿಜವ್ವನದೇ. ತೂಕ ಬರೆದಿದ್ದಾರೆ, ಬಿ.ಪಿ. ಬರೆದಿದ್ದಾರೆ, ರಕ್ತ ಎಷ್ಟಿದೆ, ಯಾವ ಮಾತ್ರೆ ಎಷ್ಟು ಕೊಟ್ಟಿದ್ದು, ಎಲ್ಲವೂ ಮುತ್ತು ಪೋಣಿಸಿದ ಅಕ್ಷರದಲ್ಲಿದೆ. ಏಳನೇ ತಿಂಗಳ ಪುಟದ ಹಿಂಬದಿಗೆ ನೀಲಿ ಶಾಯಿಯಲ್ಲಿ ಬರೆದದ್ದು ಇಷ್ಟು: "ಟೆನ್ಷನ್ ತಗೋಬಾರದು. ಖುಷಿಯಾಗಿರಬೇಕು." ಅದರ ಕೆಳಗೆ ಪೆನ್ಸಿಲಿನಲ್ಲಿ, ಸೊಟ್ಟ ಅಕ್ಷರದಲ್ಲಿ, ಗಿರಿಜವ್ವನೇ ಇರಬೇಕು, ಬರೆದಿದ್ದಾಳೆ: "ನೀರು ಯಾರು ತರಬೇಕು?"

ಯಾರೂ ಉತ್ತರ ಬರೆದಿಲ್ಲ. ಕಾರ್ಡನ್ನು ಹಿಂದೆ ಮುಂದೆ ತಿರುವಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಇಲ್ಲ.

ಅಲ್ಲ, ಟೆನ್ಷನ್ ಏನು ರೇಷನ್ ಅಂಗಡಿಯ ಮುಂದೆ ಪಾಳಿ ಹಚ್ಚಿ ತಗೊಳ್ಳುವ ಸಾಮಾನೇ? ಬೇಡವೆಂದರೆ ಚೀಲ ಮಡಚಿಕೊಂಡು ವಾಪಸ್ ಬರಲಿಕ್ಕೆ? ನಿಮಗೆ ಏನೂ ಗೊತ್ತಿರಲಿಲ್ಲ ಎಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಿಮಗೆ ಗೊತ್ತಿತ್ತು, ಅದೇ ನನ್ನ ಸಂಕಟ. ತಿಂಗಳುಗಟ್ಟಲೆ ಬಿಡದ ಆತಂಕ ತಾಯಿಯ ರಕ್ತದಲ್ಲಿ ಹರಿದು ಹೊಟ್ಟೆಯ ಕೂಸಿಗೂ ತಟ್ಟಬಹುದು, ಅಂಥ ಕೂಸುಗಳಲ್ಲಿ ಕೆಲವು ನಿದ್ದೆಗೆ ಕಾಡುತ್ತವೆ, ಸಣ್ಣ ಸಪ್ಪಳಕ್ಕೂ ಬೆಚ್ಚುತ್ತವೆ, ಮಾತು ತಡವಾಗಿ ಕಲಿಯುತ್ತವೆ, ಒಂದು ಕಡೆ ಮನಸ್ಸು ನಿಲ್ಲಿಸಲು ಒದ್ದಾಡುತ್ತವೆ ಎಂದು ನಿಮ್ಮ ಕಾಲದವರೇ ಅಳೆದು ತೂಗಿ ಬರೆದಿಟ್ಟರು. ಎಲ್ಲ ಕೂಸಿಗೂ ಹೀಗಾಗುವುದಿಲ್ಲ ಎಂದೂ ಬರೆದರು. ಒಂದು ದಿನದ ಜಗಳಕ್ಕೆ, ಒಂದು ಸಾವಿನ ಅಳುವಿಗೆ ಹೆದರಬೇಕಿಲ್ಲ, ಹೆಗಲು ಕೊಡುವವರಿಲ್ಲದ ದೀರ್ಘ ಸಂಕಟಕ್ಕೆ ಹೆದರಬೇಕು ಎಂದೂ ಹೇಳಿದರು. ಹುಟ್ಟಿದ ಮೇಲೆ ಮಡಿಲು, ಮಾತು, ಅಕ್ಕರೆ ಸಿಕ್ಕರೆ ಬಹಳಷ್ಟು ಸರಿಹೋಗುತ್ತದೆ ಎಂಬುದನ್ನೂ ಬಿಡಲಿಲ್ಲ. ಇಷ್ಟೆಲ್ಲ ತಿಳಿದವರು ಕೊನೆಗೆ ಬಸುರಿಗೆ ಹೇಳಿದ್ದು ಟೆನ್ಷನ್ ತಗೋಬಾರದು ಎಂಬ ಎರಡು ಮಾತು. ಹೇಳಿದವರು ಎದ್ದು ಹೋದರು, ಅವಳು ಕೊಡ ತಗೊಂಡು ನಳದ ಕಡೆ ಹೋದಳು.

ಆ ಮಾತನ್ನು ನಾವು ನಿಮ್ಮಿಂದ ಕಲಿತು ಕಾನೂನು ಮಾಡಿಕೊಂಡೆವು. ನೆಮ್ಮದಿ ಮಂಡಳಿ ಎಂದು ಒಂದು ಹುಟ್ಟಿಕೊಂಡಿತು. ಬಸುರಿ ಇರುವ ಮನೆಯಲ್ಲಿ ಗಟ್ಟಿ ಮಾತು ಬಂದ್, ಖಾರ ಬಂದ್. ಕೆಂಪು ಚಟ್ನಿ ಇಲ್ಲದೆ ರೊಟ್ಟಿ ತಿನ್ನುವುದು ಎಂಥ ಶಿಕ್ಷೆ ಎಂದು ನಮ್ಮ ಸೀಮೆಯವರಿಗೆ ನಾನು ಹೇಳಬೇಕಿಲ್ಲ. ಗಂಡ ತುದಿಗಾಲಿನಲ್ಲೇ ನಡೆಯಬೇಕು. ನನ್ನ ಅಳಿಯ ಈರಣ್ಣ ಹಾಗೆ ನಡೆಯಲು ಹೋಗಿ ಎರಡು ಸಲ ಹೊಸ್ತಿಲು ಎಡವಿ ಬಿದ್ದ, ಬಿದ್ದಾಗ ಯವ್ವಾ ಅನ್ನಲೂ ಇಲ್ಲ, ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ಎಲ್ಲಕ್ಕಿಂತ ದೊಡ್ಡದು ಸುದ್ದಿತಡೆ. ಹೆರಿಗೆಯಾಗುವ ತನಕ ಬಸುರಿಗೆ ಯಾವ ಕೆಟ್ಟ ಸುದ್ದಿಯನ್ನೂ ಹೇಳಕೂಡದು, ಯಾರೂ ಸತ್ತಿಲ್ಲ, ಯಾರಿಗೂ ಜ್ವರ ಬಂದಿಲ್ಲ, ಯಾವ ಆಕಳೂ ದಿನ ತುಂಬದೆ ಕಂದು ಹಾಕಿಲ್ಲ. ಇಷ್ಟಾಗಿಯೂ ಬಳೆ ಇಪ್ಪತ್ತೊಂದು ದಿನ ಬಿಡದೆ ಕೆಂಪಾಗಿದ್ದರೆ ಅವಳನ್ನು ಮನೆಯಿಂದ ಬಿಡಿಸಿ ಶಾಂತಮನೆ ಎಂಬಲ್ಲಿಗೆ ಒಯ್ಯುತ್ತಾರೆ, ಅಲ್ಲಿ ಗೋಡೆಗೆಲ್ಲ ತಿಳಿನೀಲಿ ಬಣ್ಣ, ಮನೆಯವರಿಗೆ ಪ್ರವೇಶವಿಲ್ಲ. ಆಮೇಲೆ ಹುಟ್ಟುವ ಕೂಸಿನ ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಬರೆಯುತ್ತಾರೆ: "ತಾಯಿಯ ಅಶಾಂತಿಯ ಕೂಸು." ಆ ಪುಸ್ತಕ ಕೂಸಿನ ಜೊತೆ ಶಾಲೆಗೆ ಹೋಗುತ್ತದೆ, ಕೆಲಸಕ್ಕೆ ಹೋಗುತ್ತದೆ, ಲಗ್ನದ ಮಾತಿಗೂ ಹೋಗುತ್ತದೆ.

ನನ್ನ ಪುಸ್ತಕದಲ್ಲಿ ಆ ಸಾಲು ಇದೆ. ನಾನು ಅವ್ವನ ಹೊಟ್ಟೆಯಲ್ಲಿ ಆರು ತಿಂಗಳಿನವಳಿದ್ದಾಗ ಗಾಳಿಗಂಬದ ರೆಕ್ಕೆ ಮುರಿದು ಅಪ್ಪನ ಸೊಂಟದ ಮೇಲೆ ಬಿತ್ತು. ಅವ್ವ ದಿನ ತುಂಬುವ ತನಕ ಒಬ್ಬಳೇ ಅವನನ್ನು ಎತ್ತಿ ಇಳಿಸಿ, ತೊಳೆದು ಬಳಿದು, ಉಣಿಸಿದಳು. ಓಣಿಯವರು ದಿನವೂ ಬಂದರು. ಬಂದು, ಸಮಾಧಾನ ಮಾಡಿಕೊ ಬಸಲಿಂಗವ್ವ, ಕೂಸಿಗೆ ಒಳ್ಳೆಯದಲ್ಲ ಎಂದು ಹೇಳಿ ಹೋದರು. ಅಪ್ಪನ ಹಾಸಿಗೆಯ ಇನ್ನೊಂದು ತುದಿ ಹಿಡಿಯಲು ಯಾರೂ ಬಗ್ಗಲಿಲ್ಲ. ನಾನು ಸಣ್ಣವಳಾಗಿ ಹುಟ್ಟಿದೆ, ಬಾಗಿಲು ಕಿರ್ರೆಂದರೆ ಕಿಟಾರನೆ ಕಿರುಚುತ್ತಿದ್ದೆ, ನಾಲ್ಕು ವರ್ಷ ತುಂಬಿದರೂ ಒಂದು ಮಾತಾಡಲಿಲ್ಲ. ಅವಳ ಬಳೆ ಕೆಂಪಗಿತ್ತು, ಅದಕ್ಕೇ ಕೂಸು ಹೀಗಾಯಿತು ಎಂದು ಇಡೀ ಓಣಿ ಅವಳ ಮೇಲೆ ಹಾಕಿತು. ಅವ್ವ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಬೆಳಗಿನಿಂದ ಸಂಜೆಯವರೆಗೆ ಮಾತಾಡಿದಳು. ಮಾತೆಂದರೆ ಬೈಗುಳ. ಒಲೆಗೆ ಬೈದಳು, ಕೋಳಿಗೆ ಬೈದಳು, ಗಾಳಿಗೆ ಬೈದಳು, ನನ್ನ ಮುಖ ನೋಡಿ ನೋಡಿ ಬೈದಳು, ನಾನು ಕಣ್ಣು ಮಿಟುಕಿಸಿದರೆ ಅದಕ್ಕೂ ಒಂದು ಬೈದು ನಕ್ಕಳು. ಒಂದು ದಿನ ಕೋಳಿ ಬಂದು ಕಾಳಿನ ಮೊರಕ್ಕೆ ಬಾಯಿ ಹಾಕಿತು. ನಾನು ಬೆರಳು ತೋರಿಸಿ "ಖೋಡಿ!" ಎಂದೆನಂತೆ. ನನ್ನ ಮೊದಲ ಮಾತು ಅದು. ಅವ್ವ ನನ್ನನ್ನು ಎತ್ತಿಕೊಂಡು ಓಣಿಯ ತುಂಬ ಓಡಿ ಮನೆ ಮನೆಗೂ ಆ ಮಾತು ಹೇಳಿಸಿದಳು.

ಇಂಥವಳ ಮಗಳು ದೊಡ್ಡವಳಾಗಿ ಬಳೆಗಾರ್ತಿಯಾದಳು. ಮೂವತ್ತು ವರ್ಷಗಳಲ್ಲಿ ಎಷ್ಟೋ ಕೂಸುಗಳ ಪುಸ್ತಕದಲ್ಲಿ ಅದೇ ಸಾಲನ್ನು ಇದೇ ಕೈಯಿಂದ ಬರೆದಿದ್ದೇನೆ. ನಿಮ್ಮ ಮೇಲೆ ಇಷ್ಟು ಹಾರಾಡುತ್ತಿರುವವಳು ತಾನೇನು ಮಾಡಿದಳು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬರೆಯುವಾಗ ನನಗೆ ನಾಚಿಕೆಯಾಗಲಿಲ್ಲ. ಈಗ ಆಗುತ್ತಿದೆ.

ನನ್ನ ಒಬ್ಬಳೇ ಮಗಳು ಮುಗಿಲಾ. ಗಾಳಿಗಂಬ ಹತ್ತಿ ರೆಕ್ಕೆ ಕಟ್ಟುವ ಕೆಲಸದವಳು, ಬಸುರಿ ಎಂದು ತಿಳಿದ ದಿನವೇ ನೆಮ್ಮದಿಯ ಹೆಸರಲ್ಲಿ ಮಂಡಳಿಯವರು ಅವಳನ್ನು ಕೆಳಗಿಳಿಸಿ ಮನೆಯಲ್ಲಿ ಕೂರಿಸಿದರು. ಈಗ ಅವಳಿಗೆ ಏಳು ತಿಂಗಳು. ನಾನು ಬಳೆ ಹಿಡಿದು ಊರು ಸುತ್ತುವವಳಾದ್ದರಿಂದ ಅವಳನ್ನು ಸಾಕಿದವಳು ನನ್ನ ಅವ್ವ. ಅವಳಿಗೆ ಮುಗಿಲಾ ಆಯಿ ಎನ್ನುತ್ತಾಳೆ, ನಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ಅವ್ವ ಕೊನೆಗಾಲಕ್ಕೆ ಮುಂಡರಗಿಯಲ್ಲಿದ್ದಳು. ದಿನವೂ ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳ ದನಿಡಬ್ಬಿಯಲ್ಲಿ ಅವಳ ದನಿ ಬರುತ್ತಿತ್ತು. ದನಿಡಬ್ಬಿ ಎಂದರೆ ನಿಮ್ಮ ಫೋನಿನ ಮೊಮ್ಮಗಳು ಅಂದುಕೊಳ್ಳಿ. "ಏ ಹುಚ್ಚಖೋಡಿ, ಉಂಡಿಯೋ ಇಲ್ಲೋ? ನಿನ್ನ ಹೊಟ್ಟ್ಯಾಗಿನ ಕೂಸಿಗೂ ಉಪವಾಸ ಕೆಡವತಿಯೇನ?" ಎಂದು ಶುರುವಾದರೆ ಕಾಲು ಗಂಟೆ ಒಂದೇ ಸಮನೆ ಬೈಗುಳ. ಗಟ್ಟಿ ಮಾತು ಬಂದ್ ಎಂಬ ಕಾನೂನನ್ನು ಅವ್ವ ಕಿವಿಯ ಮೇಲೆ ಹಾಕಿಕೊಂಡವಳೇ ಅಲ್ಲ. ಆ ಕಾಲು ಗಂಟೆ ಮುಗಿಲಾಳ ಬಳೆ ಎಲೆಹಸಿರಾಗಿರುತ್ತಿತ್ತು. ಅದನ್ನು ದಿನವೂ ನೋಡುತ್ತಿದ್ದ ಅಧಿಕಾರಿ ನಾನು, ನೋಡಿಯೂ ಏನನ್ನೂ ಕಲಿಯಲಿಲ್ಲ.

ಹೋದ ತಿಂಗಳು ಅವ್ವ ತೀರಿಕೊಂಡಳು. ಎಂಬತ್ತೊಂದು ವರ್ಷ, ಮಲಗಿದವಳು ಏಳಲಿಲ್ಲ. ಸುದ್ದಿ ಬೆಳಿಗ್ಗೆ ಬಂತು. ಬಳೆ ತೊಡಿಸಲು ಹೋಗುತ್ತೇನೆಂದು ಮಗಳಿಗೆ ಸುಳ್ಳು ಹೇಳಿ ಹೋಗಿ, ಅವ್ವನಿಗೆ ಮಣ್ಣು ಕೊಟ್ಟು, ಸಂಜೆಗೆ ಮುಖ ತೊಳೆದುಕೊಂಡು ನಗುತ್ತ ಮನೆಗೆ ಬಂದೆ. ಹೆತ್ತ ತಾಯಿಯನ್ನು ಕಳೆದುಕೊಂಡವಳಿಗೆ ಅಳಲಿಕ್ಕೂ ಪರವಾನಗಿ ಇಲ್ಲ, ಯಾಕೆಂದರೆ ನಾನು ಅತ್ತರೆ ಮಗಳ ಬಳೆಯ ಬಣ್ಣ ತಿರುಗುತ್ತದೆ. ಕೊಟ್ಟಿಗೆಗೆ ಹೋಗಿ ಆಕಳ ಕೊರಳು ಹಿಡಿದು ನಿಲ್ಲುತ್ತಿದ್ದೆ. ಅಷ್ಟೇ.

ದನಿ ನಿಂತರೆ ಹುಡುಗಿಗೆ ಅನುಮಾನ ಬರುತ್ತದಲ್ಲ, ಅದಕ್ಕೆ ಮಂಡಳಿಯಲ್ಲಿ ಬದಲಿದನಿ ಎಂಬ ಏರ್ಪಾಡು ಇದೆ. ಸತ್ತವರ ಹಳೆಯ ಮಾತುಗಳಿಂದ ಯಂತ್ರ ಅದೇ ದನಿ ಮಾಡಿ ಹೊಸ ಮಾತಾಡಿಸುತ್ತದೆ. ಏನು ಆಡಬೇಕೆಂದು ಮನೆಯವರು ಬರೆದು ಕೊಡಬೇಕು. ನಾನು ಅವ್ವನ ಮಾತು ಅವ್ವನ ಹಾಗೆಯೇ ಬರೆದೆ, ಹುಚ್ಚಖೋಡಿಯಿಂದಲೇ ಆರಂಭಿಸಿದೆ. ಬರೆದಾದ ಮೇಲೆ ಬಸುರಿಗೆ ಗಟ್ಟಿ ಮಾತು ಸಲ್ಲದು ಎಂಬ ಕಾನೂನು ನೆನಪಾಯಿತು. ಹೊಡೆದು ಹಾಕಿದೆ. ಮಂಡಳಿಯ ಯಾರೂ ಹೇಳಲಿಲ್ಲ, ನಾನೇ ಹೊಡೆದು ಹಾಕಿ, "ಉಂಡೆಯಾ ಕಂದಾ?" ಎಂದು ಬರೆದೆ.

ಎರಡನೇ ಸಂಜೆಗೆ ಬಳೆ ಕೆಂಪಾಯಿತು. ಮರುದಿನವೂ ಕೆಂಪು, ಅದರ ಮರುದಿನವೂ ಕೆಂಪು. ತಂಡದವರು ಬಂದು ಹಾಡಿದರು, ಇನ್ನಷ್ಟು ಕೆಂಪಾಯಿತು. ಮಂಡಳಿಯ ಹಿರಿಯ ಗುರುಲಿಂಗಪ್ಪನವರು ಉಳಿದವರೊಡನೆ ಕೂಡಿ ವಿಚಾರ ಮಾಡಿ, ಅಜ್ಜಿಯ ದನಿ ಇನ್ನೂ ಸ್ವಲ್ಪ ಮೃದುವಾಗಲಿ ಎಂದು ಅಪ್ಪಣೆ ಕೊಟ್ಟರು. ಮೃದು ಮಾಡಿದೆ. ಅಜ್ಜಿ ಈಗ ಚಿನ್ನಾ, ಬಂಗಾರೀ ಎನ್ನತೊಡಗಿದಳು. ಮುಗಿಲಾ ಊಟ ಬಿಟ್ಟಳು. ನಾವು ಹೆಚ್ಚೆಚ್ಚು ನಕ್ಕೆವು. ಈರಣ್ಣ ನಕ್ಕು ನಕ್ಕು ಅವನ ಮುಖ ನೋಡಿದರೆ ನನಗೇ ಹೆದರಿಕೆಯಾಗುತ್ತಿತ್ತು. ಹೀಗೆ ಬಳೆ ಕೆಂಪಾಗಿಯೇ ಹದಿನೆಂಟು ದಿನ ಕಳೆದವು, ಶಾಂತಮನೆಯ ಗಾಡಿ ಬರಲು ಇನ್ನು ಮೂರೇ ದಿನ ಉಳಿಯಿತು. ನನ್ನ ಮಗಳನ್ನು ಒಯ್ಯುತ್ತಾರೆ, ಹುಟ್ಟದ ಮೊಮ್ಮಗುವಿನ ಪುಸ್ತಕದಲ್ಲಿ ಆ ಸಾಲು ಬರೆಯಬೇಕು, ಬರೆಯುವವಳು ನಾನೇ.

ಹತ್ತೊಂಬತ್ತನೇ ಬೆಳಿಗ್ಗೆ ಮುಗಿಲಾ ಅಂಗಳದಲ್ಲಿ ಕಾಲು ಚಾಚಿಕೊಂಡು ಕುಳಿತು ಶೇಂಗಾ ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕುಳಿತು ನಗುತ್ತಿದ್ದೆ. ಅವಳು ತಲೆ ಎತ್ತದೆ ಕೇಳಿದಳು.

"ಯವ್ವಾ, ನನ್ನ ಕೂಸಿಗೆ ಏನಾಗೇತಿ? ಖರೆ ಹೇಳು. ಹೊಟ್ಟ್ಯಾಗ ಸತ್ತೈತೇನ?"

ಅಂಥದ್ದೇನೂ ಇಲ್ಲವೆಂದು ಆಣೆ ಮಾಡಿದೆ. ಅವಳು ನಂಬಲಿಲ್ಲ.

"ಮತ್ತ ಎಲ್ಲಾರೂ ಯಾಕ ಹಿಂಗ ನಗತೀರಿ? ನೀ ಅಂತೂ ಜನ್ಮದಾಗ ಇಷ್ಟ ನಕ್ಕಾಕಿ ಅಲ್ಲ. ಆಯಿ ಹತ್ತೊಂಬತ್ತ ದಿನಾತು, ನನಗ ಒಮ್ಮಿನೂ ಬೈದಿಲ್ಲ. ಕಂದಾ ಅಂತಾಳ, ಬಂಗಾರೀ ಅಂತಾಳ. ಆಯಿ ನನ್ನ ಯಾವತ್ತರ ಬಂಗಾರೀ ಅಂದಾಳ? ಆಕಿಗೂ ಗೊತ್ತೈತಿ, ನನ್ನ ಕೂಸಿಗೇನೋ ಆಗೇತಿ, ಅದಕ್ಕ ಕನಿಕರಪಟ್ಟು ಬೈಯೂದ ಬಿಟ್ಟಾಳ."

ಗಿರಿಜವ್ವನ ಮನೆಯವರೇ, ನೋಡಿದಿರಾ ನಮ್ಮ ಬುದ್ಧಿವಂತಿಕೆ? ಒಂದು ಸಾವನ್ನು ಮುಚ್ಚಿಡಲು ಹೋಗಿ ಅವಳ ಎದೆಯಲ್ಲಿ ಇನ್ನೊಂದು ಸಾವನ್ನು ಹುಟ್ಟಿಸಿದ್ದೆವು. ಹದಿನೆಂಟು ದಿನ ನನ್ನ ಮಗಳು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಸು ಮಿಸುಕುವುದನ್ನು ಎಣಿಸುತ್ತ ಕುಳಿತಿದ್ದಳು, ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ, ನಾನು ನಗುತ್ತಿದ್ದೆನಲ್ಲ.

ಹೇಳಿಬಿಟ್ಟೆ. "ನಿನ್ನ ಕೂಸು ಗಟ್ಟಿ ಐತಿ ಮುಗಿಲಾ. ಹೋದಾಕಿ ಆಯಿ. ಮಲಗಿದಲ್ಲೇ ಹೋದ್ಲು. ಈ ದನಿ ಆಕೀದಲ್ಲ, ನಾ ಬರಕೊಟ್ಟದ್ದು."

ಅವಳು ನನ್ನ ಮುಖವನ್ನೇ ನೋಡಿದಳು. ಮೊದಲು ಉಸಿರು ಬಿಟ್ಟಳು, ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರು. ಆಮೇಲೆ ಅತ್ತಳು. ನಾನೂ ಅತ್ತೆ, ಹತ್ತೊಂಬತ್ತು ದಿನದ್ದು ಒಟ್ಟಿಗೇ ಬಂತು. ಬಳೆ ಕೆಂಪಾಗಿತ್ತು, ಬಾಗಿಲ ದೀಪವೂ ಕೆಂಪಾಗಿತ್ತು. ಹನ್ನೊಂದು ಮಂದಿ ಚಾಪೆ ಹಿಡಿದುಕೊಂಡು ಬಂದು ಹಾಡು ಎತ್ತಿದರು. ಮುಗಿಲಾ ಸೆರಗಿನಿಂದ ಮೂಗು ಒರೆಸಿಕೊಂಡು ಅವರನ್ನು ತಡೆದಳು.

"ಹಾಡು ಸಾಕು ಮಾಡ್ರಿ. ನಮ್ಮ ಆಯಿ ಹೋಗ್ಯಾಳ. ಅಳಾಕ ಬರತೈತಿ ಅನ್ನಾವ್ರು ಕುಂದರ್ರಿ, ಬರದವ್ರು ಮನೀಗಿ ನಡೀರಿ."

ನಾಲ್ವರು ಎದ್ದು ಹೋದರು. ಏಳು ಜನ ಕುಳಿತರು. ಅವ್ವ ಅವರಿಗೆಲ್ಲ ಒಂದಲ್ಲ ಒಂದು ಕಾಲಕ್ಕೆ ಬೈದವಳೇ, ಅವರೂ ಅತ್ತರು. ಅತ್ತಾದ ಮೇಲೆ ಅವರಲ್ಲಿ ಒಬ್ಬಳು ಎದ್ದು ಹೋಗಿ ಒಲೆ ಹಚ್ಚಿದಳು, ಇನ್ನೊಬ್ಬಳು ತನ್ನ ಮನೆಯಿಂದ ಕದ್ದು ಕೆಂಪು ಚಟ್ನಿ ತಂದಳು. ಮುಗಿಲಾ ಎರಡು ರೊಟ್ಟಿ ತಿಂದಳು. ಮರುದಿನ ಅವಳನ್ನು ಕರೆದುಕೊಂಡು ಮುಂಡರಗಿಗೆ ಹೋದೆ. ಬಸುರಿ ಸಾವಿನ ಮನೆಗೆ ಹೋಗಬಾರದೆಂದು ದಾರಿಯಲ್ಲಿ ಸಿಕ್ಕವರೆಲ್ಲ ಹೇಳಿದರು. ಅವಳು ಅಜ್ಜಿಯ ಮನೆ ಮುಂದಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೂ ಕುಳಿತಿದ್ದಳು, ಅಜ್ಜಿಯ ಹಳೆಯ ಸೀರೆ ಒಂದನ್ನು ಕೌದಿ ಹೊಲಿಯಲಿಕ್ಕೆಂದು ಮಡಚಿ ತಂದುಕೊಂಡಳು. ಇಪ್ಪತ್ತೊಂದನೇ ಬೆಳಿಗ್ಗೆ ಬಳೆ ಹಳದಿಗೆ ಇಳಿದಿತ್ತು. ಹಸಿರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ, ಸಾಕಿದ ಅಜ್ಜಿಯನ್ನು ಕಳೆದುಕೊಂಡವಳ ಬಳೆ ಹಸಿರಾಗಿದ್ದರೆ ಆ ಬಳೆಯಲ್ಲೇ ಏನೋ ಕೆಟ್ಟಿದೆ ಎಂದರ್ಥ.

ಗುರುಲಿಂಗಪ್ಪನವರು ಬಳೆಯ ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದರು. ಅಷ್ಟು ದಿನ ಬಳೆ ಕೆಂಪಾಗಿದ್ದಕ್ಕೆ ಕಾರಣ ಬರೆಯಬೇಕಿತ್ತು. ಕಾರಣದ ಜಾಗದಲ್ಲಿ "ತಾಯಿಯ ಅಶಾಂತಿ" ಎಂದು ಮೊದಲೇ ಅಚ್ಚು ಹಾಕಿಸಿಟ್ಟಿರುತ್ತಾರೆ, ಬಳೆಗಾರ್ತಿ ಕೆಳಗೆ ಸಹಿ ಮಾಡಿದರೆ ಮುಗಿಯಿತು. ನಾನು ಅಚ್ಚಿನ ಮೇಲೆ ಗೀಟು ಎಳೆದು ಬರೆದೆ: "ಮನೆಯವರು ಸುಳ್ಳು ಹೇಳಿದ್ದು. ಮುಖ್ಯವಾಗಿ ನಾನು." ಅವರು ಓದಿ, ಮೂವತ್ತು ವರ್ಷ ಸರಿಯಾಗಿ ಕೆಲಸ ಮಾಡಿದವಳು ಹೀಗೇಕೆ ಮಾಡಿದೆ ಎಂದು ನೊಂದುಕೊಂಡು ಕೇಳಿದರು. ಸರಿಯಾಗಿ ಮಾಡಿರಲಿಲ್ಲ ಎಂದೆ. ಮರುದಿನವೇ ನನ್ನ ಬಳೆಪೆಟ್ಟಿಗೆ ಕಸಿದುಕೊಂಡರು. ಸುದ್ದಿತಡೆ ಮುರಿದು ಬಂದ ಹಳದಿಯನ್ನು ಹಳದಿ ಎಂದು ಹಿಡಿಯಬೇಕೋ ಕೆಂಪು ಎಂದು ಹಿಡಿಯಬೇಕೋ ಎಂದು ಮಂಡಳಿಯಲ್ಲಿ ಈಗ ಚರ್ಚೆ ನಡೆದಿದೆ. ಮೂರು ಸಭೆ ಮುಗಿದಿವೆ. ಅವರ ವೇಗ ನೋಡಿದರೆ ಅಷ್ಟರಲ್ಲಿ ಕೂಸು ಹುಟ್ಟಿ ಅಂಬೆಗಾಲಿಟ್ಟಿರುತ್ತದೆ. ಆ ಸಾಲನ್ನು ಬರೆದರೆ ಬರೆಯಲಿ. ನನ್ನ ಪುಸ್ತಕದಲ್ಲಿಯೂ ಬರೆದಿದ್ದರು, ನನ್ನ ಅವ್ವ ಅದನ್ನು ಓದಿ ಸುಮ್ಮನೆ ಕುಳಿತವಳಲ್ಲ.

ಮೊನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಲಾ ದನಿಡಬ್ಬಿಯ ಕಡೆ ನೋಡುತ್ತ ಕುಳಿತಿದ್ದಳು. ಅದು ಈಗ ಮಾತಾಡುವುದಿಲ್ಲ. ನನಗೆ ತಡೆಯಲಾಗಲಿಲ್ಲ. ನನಗೆ ಬೈಯಲು ಬರುವುದಿಲ್ಲ, ಮೂವತ್ತು ವರ್ಷ ಮೆಲ್ಲಗೆ ಮಾತಾಡಿ ಗಂಟಲು ಸಣ್ಣದಾಗಿಬಿಟ್ಟಿದೆ. ಆದರೂ ಸೊಂಟಕ್ಕೆ ಕೈಯಿಟ್ಟುಕೊಂಡು ಅವಳೆದುರು ನಿಂತು, "ಏ... ಏ ಹುಚ್ಚಖೋಡಿ! ಉಂಡಿಯೋ ಇಲ್ಲೋ?" ಎಂದೆ. ಮುಂದೇನು ಬೈಯಬೇಕೋ ತಿಳಿಯದೆ ಹಾಗೇ ನಿಂತುಬಿಟ್ಟೆ.

"ಥೂ, ಆಯಿನ ಹಂಗ ಬೈಯಾಕ ನಿನಗ ಏಳ ಜನ್ಮಕ್ಕೂ ಬರಂಗಿಲ್ಲ ತಗಿ," ಎಂದಳು ಮುಗಿಲಾ. ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒಳಗಿನ ಕೂಸು ಒದ್ದಿರಬೇಕು, "ನೀ ಸುಮ್ಮನಿರು ಖೋಡಿ," ಎಂದು ಅದಕ್ಕೂ ಬೈದಳು. ಆಗ ಅವಳ ಬಳೆ ಯಾವ ಬಣ್ಣದಲ್ಲಿತ್ತೋ ನಾನು ನೋಡಲಿಲ್ಲ.

ಇನ್ನು ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ಗಿರಿಜವ್ವನಿಗೆ ಸಮಾಧಾನವಾಗಿರು ಎಂದು ದಯಮಾಡಿ ಹೇಳಬೇಡಿ. ಹೇಳುವುದು ಸುಲಭ, ನಾನು ಮೂವತ್ತು ವರ್ಷ ಹೇಳಿದ್ದೇನೆ. ಅವಳ ಹತ್ತಿರ ಕುಳಿತು ಏನು ಕಾಡುತ್ತಿದೆ ಎಂದು ಕೇಳಿ, ಕೇಳಿದ ಮೇಲೆ ಎದ್ದು ಹೋಗಬೇಡಿ. ಅವಳಿಂದ ಏನನ್ನೂ ಮುಚ್ಚಿಡಬೇಡಿ. ಅಳುತ್ತಿದ್ದರೆ ಜೊತೆಗಿರಿ. ಅವಳ ಕೂಸು ನಾಳೆ ತಡವಾಗಿ ಮಾತಾಡಿದರೆ, ಬೆಚ್ಚಿ ಬೆಚ್ಚಿ ಎದ್ದರೆ, ನೀನು ಹಾಗಿದ್ದೆ ಅದಕ್ಕೇ ಹೀಗಾಯಿತು ಎಂದು ಅವಳ ಮುಂದೆ ಬೆರಳು ತೋರಿಸಬೇಡಿ, ಕೂಸನ್ನು ಎತ್ತಿಕೊಂಡು ಮಾತಾಡಿಸಿ. ನರ್ಸಮ್ಮಾ, ನಿಮ್ಮ ಕೈಬರಹ ಚೆನ್ನಾಗಿದೆ, ಇನ್ನೊಂದು ಸಾಲು ಬರೆದಿದ್ದರೆ ನೀಲಿ ಶಾಯಿ ಮುಗಿದು ಹೋಗುತ್ತಿರಲಿಲ್ಲ. ಅವಳು ಏಳು ತಿಂಗಳ ಬಸುರಿ, ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಕೇಳಿದ್ದಾಳೆ, ನೂರೈವತ್ತು ವರ್ಷ ದಾಟಿದರೂ ಅದು ಹಾಗೇ ಇದೆ.

ಈ ಕಾಗದ ಮಡಚಿಡಿ. ಕೊಡ ಬಾಗಿಲ ಹಿಂದೆ ಇರಬೇಕು ನೋಡಿ. ಯಾರಾದರೂ ಒಬ್ಬರು ಎದ್ದು ಹೋಗಿ ನೀರು ತನ್ನಿ.

ಸಿಟ್ಟಿನಿಂದಲೂ ಅಕ್ಕರೆಯಿಂದಲೂ,
ಬಸಲಿಂಗವ್ವನ ಮಗಳು
ಫಕೀರವ್ವ